ಗಾಡಿಜಾಡಿನವರ ಅಗಲದ ಬಗ್ಗೆ ಒಂದು ಅರಿಕೆ

ಚಳ್ಳಕೆರೆ,
೧೯೨೮ನೇ ಇಸವಿ, ಮೇ ತಿಂಗಳು

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಉದ್ದಕ್ಕೂ ಪವಡಿಸಿರುವ, ಮಳೆಗಾಲದಲ್ಲಿ ಕೆಸರಾಗಿಯೂ ಬೇಸಿಗೆಯಲ್ಲಿ ಕಲ್ಲಾಗಿಯೂ ಅವತರಿಸುವ ಮಹಾರಾಜರಾಜಶ್ರೀ ಎತ್ತಿನಗಾಡಿಯ ಜಾಡಿನವರ ಸನ್ನಿಧಾನಕ್ಕೆ, ಶೇಂಗಾ ಮಂಡಿಯ ಬೊಮ್ಮಲಿಂಗಪ್ಪನು ತಲೆಬಾಗಿ ಮಾಡಿಕೊಳ್ಳುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೇನಾಗುತ್ತದೆ? ಕ್ಷೇಮ ಕೇಳಬೇಕಾದ್ದು ತಮ್ಮ ಮೈಮೇಲೆ ಹೋಗಿಬರುವವರದ್ದು.

ನನ್ನ ಒಬ್ಬಳೇ ಮಗಳು ರಂಗಕ್ಕನನ್ನು ಮೊಳಕಾಲ್ಮೂರಿನ ದೊಡ್ಡಪಾಲಯ್ಯನವರ ಮನೆಗೆ ಕೊಟ್ಟಿರುವುದು ತಮಗೆ ತಿಳಿಯದ್ದಲ್ಲ. ದಿಬ್ಬಣ ತಮ್ಮ ಮೇಲೆಯೇ ಹೋಯಿತು. ಹೋದ ವರ್ಷ ಚೊಚ್ಚಲ ಬಾಣಂತನಕ್ಕೆಂದು ಅವಳನ್ನು ಗಾಡಿಯಲ್ಲಿ ತವರಿಗೆ ಕರೆತರುವಾಗ, ತಾವು ಮಾಡಿದ ಸತ್ಕಾರಕ್ಕೆ ಗಾಡಿ ಎದ್ದು ಎದ್ದು ಬಿದ್ದು, ಮಗಳು ಉಳಿದಳು, ಕೂಸು ಉಳಿಯಲಿಲ್ಲ. ಈ ಸಲ ಅವಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ನಾನು ಕರೆಯಲು ಹೋದರೆ ಬೀಗರು, "ಬಂಡಿಯಾಗೆ ಮಾತ್ರ ಕಳ್ಸಲ್ಲ ಬೀಗ್ರೇ. ಮೋಟ್ರು ತರ್ರಿ, ಕಳಿಸ್ತೀನಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಮಗಳಿಗೆ ಒಂದು ಬಾಣಂತನ ಮಾಡುವ ಯೋಗ್ಯತೆಯೂ ಇಲ್ಲದ ಅಪ್ಪ ಎಂದು ಊರು ಆಡಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳಲಿ? ಚಿತ್ರದುರ್ಗದ ವಕೀಲರೊಬ್ಬರು ಹತ್ತು ವರ್ಷ ಸವೆಸಿ ಬಿಟ್ಟಿದ್ದ ಮೋಟಾರನ್ನು ತಂದೇ ತಂದೆ.

ತಂದ ದಿನವೇ ತಮ್ಮ ದೊಡ್ಡಸ್ತಿಕೆ ಅರಿವಾಯಿತು. ತಮ್ಮ ಅಗಲವೇ ಬೇರೆ, ಮೋಟಾರಿನ ಅಗಲವೇ ಬೇರೆ. ಒಂದು ಕಡೆಯ ಚಕ್ರ ತಮ್ಮೊಳಗೆ ಇಳಿದರೆ ಇನ್ನೊಂದು ಕಡೆಯದು ನಡುದಿಬ್ಬದ ಮೇಲೆ. ಒಳಗೆ ಕೂತವರು ಒಬ್ಬರ ಮಡಿಲಲ್ಲಿ ಒಬ್ಬರು. ಬಸುರಿಯನ್ನು ಹೀಗೆ ಓರೆಯಾಗಿ ಮೂವತ್ತು ಮೈಲಿ ತರುವುದುಂಟೇ? ಹತ್ತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಯತ್ತಪ್ಪನನ್ನು ಕರೆಸಿದೆ. ಅವನು ತಮ್ಮನ್ನೂ ನೋಡಿದ, ಮೋಟಾರನ್ನೂ ನೋಡಿದ. "ಜಾಡು ಕುಗ್ಗಿಸಾಕಾಗಲ್ಲ ಸಾವ್ಕಾರ್ರೆ, ಮೋಟ್ರು ಹಿಗ್ಗಿಸಾನ" ಎಂದ. ಪ್ರತಿ ಚಕ್ರದ ಹಿಂದೆ ಜಾಲಿಮರದ ದಪ್ಪ ಬಿಲ್ಲೆ ಇಟ್ಟು ಚಕ್ರವನ್ನು ಹೊರಕ್ಕೆ ತಳ್ಳುವುದು; ಅದಕ್ಕೆ ತಕ್ಕಂತೆ ಚಕ್ರ ಹಿಡಿಯುವ ಬೋಲ್ಟುಗಳನ್ನು ಉದ್ದ ಮಾಡಿಸುವುದು. ತಮ್ಮ ಸೇವೆಗಾಗಿ ಒಂದು ಮೋಟಾರು ಕಾಲು ಅಗಲಿಸಿ ನಿಲ್ಲುವಂತಾಯಿತು.

ಮೊದಲ ಕಂತಿನ ಬೋಲ್ಟುಗಳು ಗಿಡ್ಡವಾದವು. ನಟ್ಟು ಎರಡೇ ಸುತ್ತು ಹಿಡಿಯಿತು. ಅಷ್ಟು ಸಾಕಲ್ಲವೇ ಎಂದು ಕೇಳಿದ್ದಕ್ಕೆ ಯತ್ತಪ್ಪ, "ತಾಳಿಗೇ ಮೂರು ಗಂಟು ಹಾಕ್ತಾರೆ, ಚಕ್ರಕ್ಕೆ ಎರಡು ಸುತ್ತು ಸಾಕಾ?" ಎಂದು ನನ್ನನ್ನೇ ಗದರಿದ. ಆ ಸಿಟ್ಟಿಗೆ ಎರಡನೆಯ ಕಂತನ್ನು ಗೇಣುದ್ದ ಮಾಡಿಸಿದೆ. ಅವು ಚಕ್ರದಿಂದ ಈಚೆಗೆ ಚಾಚಿಕೊಂಡು ಹತ್ತಿರ ಬಂದವರ ಪಂಚೆಯನ್ನೆಲ್ಲ ಹಿಡಿದೆಳೆದವು. ನನ್ನದು ಸಂತೆಪೇಟೆಯಲ್ಲೇ ಹೋಯಿತು. ಮೂರನೆಯ ಕಂತು ಸರಿಹೋಯಿತು. ಮೋಟಾರಿನ ಮೂಲ ಬೋಲ್ಟುಗಳಿಗೆ ಮೊದಲೇ ಮೂರು ದಿನ ಹರಳೆಣ್ಣೆ ಕುಡಿಸಿ, ಬಡಿದು ಹೊರಡಿಸಿದ್ದೆವು; ಈಗ ಈ ಹೊಸವನ್ನು ಹಿಂದಿನಿಂದ ತೂರಿಸಿ ಕೂರಿಸಿದ್ದಾಯಿತು. ಒಂದನ್ನು ಬಿಗಿದ ಮೇಲೆ ಪಕ್ಕದ್ದನ್ನು ಮುಟ್ಟದೆ ಎದುರಿನದನ್ನು ಬಿಗಿಯಬೇಕು ಎಂಬ ಶಾಸ್ತ್ರವನ್ನೂ ಪಾಲಿಸಿದೆವು. ಯತ್ತಪ್ಪ ಬಿಗಿದದ್ದು ಸಾಲದೆಂದು ನಾನು ನಟ್ಟು ತಿರುಗಿಸುವ ಪಾನಾಕ್ಕೆ ಕೊಳವೆ ಸಿಕ್ಕಿಸಿ, ನೇತುಬಿದ್ದು ಇನ್ನೊಂದು ಸುತ್ತು ಬಿಗಿದೆ. ಮಗಳ ವಿಷಯದಲ್ಲಿ ಸಡಿಲ ಬಿಡುವವನು ನಾನಲ್ಲ.

ಮಗಳನ್ನು ಕರೆತರಲು ನಾನೂ ಯತ್ತಪ್ಪನೂ ಹೊರಟಾಗ, ಚಳ್ಳಕೆರೆಯಿಂದ ನಡುದಾರಿಯ ಬಿ.ಜಿ. ಕೆರೆಯವರೆಗೆ ತಾವು ತೋರಿದ ಸೌಜನ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ನಾಲ್ಕೂ ಚಕ್ರ ತಮ್ಮೊಳಗೆ ಕೂತು, ಎಣ್ಣೆ ಸವರಿದಂತೆ ಸಾಗಿತು. ಯತ್ತಪ್ಪ ಹಾಡೇ ಶುರುಮಾಡಿದ. ಬಿ.ಜಿ. ಕೆರೆ ದಾಟಿದ್ದೇ ತಡ, ತಾವು ಹೇಳದೆ ಕೇಳದೆ ಒಳಕ್ಕೆ ನಾಲ್ಕು ಬೆರಳು ಸರಿದುಬಿಟ್ಟಿರಿ! ಆ ಕಡೆಯ ಬಡಗಿಗಳು ಗಾಡಿಯ ಅಚ್ಚನ್ನು ಗಿಡ್ಡ ಮಾಡುತ್ತಾರಂತೆ. ಈ ರಹಸ್ಯವನ್ನು ತಾವು ಮೊದಲೇ ಒಂದು ಪತ್ರ ಹಾಕಿ ತಿಳಿಸಬಾರದಿತ್ತೇ? ಹಿಂದಿನ ಎಡಚಕ್ರ ತಮ್ಮ ಅಂಚಿಗೆ ಉಜ್ಜಿ ಉಜ್ಜಿ, ಆರು ಬೋಲ್ಟೂ ಪಟಪಟನೆ ಮುರಿದು, ಚಕ್ರ ನಮ್ಮನ್ನು ಬಿಟ್ಟು ಮುಂದೆ ಮೊಳಕಾಲ್ಮೂರಿನ ಕಡೆ ಹೊರಟಿತು. ಬೀಗರ ಮನೆಗೆ ಅದಾದರೂ ತಲುಪಲಿ ಎಂದುಕೊಂಡೆ. ಅಳೆದು ನೋಡಿದ ಯತ್ತಪ್ಪ ಹೇಳಿದ್ದೇನೆಂದರೆ, ಬಿಲ್ಲೆ ಇಡದ ಹಳೆಯ ಅಗಲಕ್ಕೆ ಆ ಜಾಡು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತಿತ್ತಂತೆ. ತಮ್ಮ ಹಾಸ್ಯಪ್ರಜ್ಞೆಗೆ ನಮಸ್ಕಾರ.

ಆದ್ದರಿಂದ ಬಿ.ಜಿ. ಕೆರೆಯಿಂದ ಈಚೆಯ ತಾವೂ ಆಚೆಯ ತಾವೂ ಒಂದು ದಿನ ಕೆರೆಯ ಏರಿಯ ಮೇಲೆ ಪಂಚಾಯಿತಿ ಸೇರಿ, ಎಲೆಅಡಿಕೆ ಹಾಕಿಕೊಂಡು, ಒಂದೇ ಅಗಲಕ್ಕೆ ಒಪ್ಪಿಕೊಳ್ಳಬೇಕಾಗಿ ಪ್ರಾರ್ಥನೆ. ಎದ್ದು ಬರಲು ಆಗದಿದ್ದರೆ ತೆವಳಿಕೊಂಡಾದರೂ ಬರುವುದು.

ಹೀಗೆ ಮನಸ್ಸಿನಲ್ಲೇ ಅರ್ಜಿ ಬರೆಯುತ್ತ, ಮೂರು ಕಾಲಿನ ಮೋಟಾರಿನ ಪಕ್ಕ ಕೂತಿದ್ದಾಗ ಮೊಳಕಾಲ್ಮೂರಿನ ಕಡೆಯಿಂದ ಒಂದು ಗಾಡಿ ಬಂತು. ಮೊಳದೆತ್ತರ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿದ್ದರು; ಅದರ ಮೇಲೆ ನನ್ನ ಮಗಳು. ನಾನು ದಾರಿಯಲ್ಲಿ ಕೂತಿರುವ ಸುದ್ದಿ ಯಾರೋ ದಾರಿಹೋಕರು ಮುಟ್ಟಿಸಿದ್ದರಂತೆ. ಅವಳು ಮಾವನ ಮುಂದೆ ಮೊದಲ ಸಲ ಬಾಯಿ ತೆರೆದು, ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಗಾಡಿ ಹೊಡೆಯುವ ದುರುಗಣ್ಣ ನನ್ನ ಬೋಲ್ಟುಗಳ ತುಂಡು ನೋಡಿ, "ನಮ್ ಗಾಲಿ ಅಚ್ಚಿನ ಮ್ಯಾಲೆ ಅತ್ತಿತ್ತ ಆಡ್ತೈತೆ ಸಾವ್ಕಾರ್ರೆ. ಆ ಜಾಡಿಗೂ ಹೊಂದ್ತೈತೆ, ಈ ಜಾಡಿಗೂ ಹೊಂದ್ತೈತೆ. ನೀವು ಬಿಗಿದುಬಿಟ್ಟೀರಿ" ಎಂದ.

ನಾನು ತಮ್ಮನ್ನು ಬಾಯಿಗೆ ಬಂದಂತೆ ಬೈದೆ. ಹೋದ ವರ್ಷದ್ದನ್ನೂ ಸೇರಿಸಿ ಬೈದೆ. ರಂಗಕ್ಕ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಅವತ್ತು ಜಾಡಿನ ತಪ್ಪಲ್ಲಪ್ಪ. ರಾಹುಕಾಲ ಬರ್ತೈತೆ, ಹೊಡಿಯೋ ಎತ್ತು ಅಂತ ನೀನೇ ಕೂಗಿದ್ದು. ಈ ಸಲ ಎತ್ತು ನಡೆದಂಗೆ ನಡೀಲಿ ಅಂದೀನಿ. ಹತ್ತು ಗಾಡಿ."

ಮಾನ್ಯರೇ, ಆ ಮಾತು ನಿಜ. ಒಂದು ವರ್ಷದಿಂದ ನಾನು ಅದನ್ನು ತಮ್ಮ ತಲೆಗೆ ಕಟ್ಟುತ್ತ ಬಂದಿದ್ದೇನೆ. ತಾವು ಒಂದು ದಿನವೂ ಅಲ್ಲಗಳೆಯಲಿಲ್ಲ. ಮಗಳನ್ನು ಕರೆತರಲು ಹೋದ ನಾನು ಮಗಳ ಗಾಡಿಯಲ್ಲಿ, ಹುಲ್ಲಿನ ತುದಿಗೆ ಕೂತು, ಒಮ್ಮೆಯೂ ಎತ್ತು ಹೊಡಿ ಎನ್ನದೆ ಊರಿಗೆ ಬಂದೆ. ತಮ್ಮ ಮೇಲೆ ಅಷ್ಟು ನಿಧಾನವಾಗಿ ನಾನು ಎಂದೂ ಬಂದಿರಲಿಲ್ಲ.

ಇಂತಿ, ತಮ್ಮ ಮೇಲೆಯೇ ಎದ್ದು ಬಿದ್ದು ಬದುಕುವ
ತಮ್ಮ ವಿಶ್ವಾಸಿ,
ಬೊಮ್ಮಲಿಂಗಪ್ಪ

ಮರೆತ ಮಾತು: ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಗೇಣುದ್ದದ ಬೋಲ್ಟುಗಳಲ್ಲಿ ಎರಡು ಈಗ ತೊಲೆಯಲ್ಲಿ ಕೂತು ತೊಟ್ಟಿಲು ಹಿಡಿದಿವೆ. ಮೋಟಾರು ಇನ್ನೂ ಅಲ್ಲೇ ತಮ್ಮ ಎದೆಯ ಮೇಲಿದೆ. ಗಾಡಿಗಳು ಪಕ್ಕದಲ್ಲಿ ಹೊಸ ಜಾಡು ಮಾಡಿಕೊಂಡು, ಅಲ್ಲಿ ತಮ್ಮನ್ನು ಕೇಳುವವರೇ ಇಲ್ಲವಾಗಿದೆ ಎಂದು ತಿಳಿದು ಬಹಳ ಸಂತಾಪವಾಯಿತು. ಐದನೆಯ ತಿಂಗಳಿಗೆ ಕೂಸನ್ನೂ ತಾಯಿಯನ್ನೂ ಮೊಳಕಾಲ್ಮೂರಿಗೆ ಕಳಿಸಬೇಕು. ಗಾಡಿಯ ಹಿಂದೆ ನಾನು ನಡೆದೇ ಬರುತ್ತೇನೆ. ಅಂದು ರಾಹುಕಾಲ ಎಷ್ಟು ಹೊತ್ತಿಗೆಂದು ನಾನು ಯಾರನ್ನೂ ಕೇಳುವುದಿಲ್ಲ.