ಭಾವನ ಪೆಟ್ಟಿಗೆ

ನನ್ನ ಭಾವ ಆರಾಮವನ್ನು ನಾಲ್ಕು ಲಕ್ಷ ಕೊಟ್ಟು ಕೊಂಡ ಮನುಷ್ಯ. ಕೊಂಡ ಮೇಲೆ ಅದನ್ನು ಹೇಗೆ ಉಪಯೋಗಿಸುವುದೆಂದು ತಿಳಿಯದೆ ಕಂಗಾಲಾದವನೂ ಅವನೊಬ್ಬನೇ!

ಆ ನಾಲ್ಕು ಲಕ್ಷ ಬೈಂದೂರಿನ ಪಕ್ಕ, ಯಡ್ತರೆಯ ಹಂಚಿನ ಮನೆಗೆ. ಮಾಲೀಕರು ಕೇಳಿದ್ದು ನಾಲ್ಕೂವರೆ. "ರೈಲಿನ ಶಬ್ದಕ್ಕೆ ನಿದ್ರೆ ಹೇಗೆ ಬರಬೇಕು ಹೇಳಿ?" ಎಂದು ಮುಖ ಸಿಂಡರಿಸಿ ಐವತ್ತು ಸಾವಿರ ಇಳಿಸಿದವನು ನಾನು. ಕುಂದಾಪುರದಲ್ಲಿ ಹಳೆ ಸಾಮಾನು ಕೊಂಡು ಮಾರುವ ಅಂಗಡಿ ನನ್ನದು. ಚೌಕಾಸಿ ಮಾಡದ ದಿನ ನನಗೆ ಊಟ ಮೈಗೆ ಹತ್ತುವುದಿಲ್ಲ. ಆದರೆ ಆ ರೈಲೇ ಮುಂದೆ ನನ್ನನ್ನು ಓಡಿಸುತ್ತದೆಂದು ಯಾರಿಗೆ ಗೊತ್ತಿತ್ತು?

ಭಾವ ಮೂವತ್ತು ವರ್ಷ ಮುಂಬೈಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಅಕ್ಕ ಅಷ್ಟೂ ವರ್ಷ ಕೊಕ್ಕರ್ಣೆಯ ನಮ್ಮ ಮನೆಯಲ್ಲಿದ್ದಳು. ಭಾವ ವರ್ಷಕ್ಕೊಮ್ಮೆ ಇಪ್ಪತ್ತು ದಿನದ ರಜೆಯಲ್ಲಿ ಬಂದು, ಅಕ್ಕ ಕಟ್ಟಿಕೊಟ್ಟ ಹಪ್ಪಳ ಹಿಡಿದು ಹೋಗುತ್ತಿದ್ದ. ಲೆಕ್ಕ ಹಾಕಿದರೆ ಅವರ ಸಂಸಾರ ಎರಡು ವರ್ಷವನ್ನೂ ದಾಟಿರಲಿಲ್ಲ! ಕೊನೆಗೆ ಮುಂಬೈ ಸಾಕೆನಿಸಿ, ಕೆಲಸ ಬಿಟ್ಟು, ರೂಮು ಬಿಟ್ಟು, "ಇನ್ನ್ ಊರಲ್ಲೇ ಆರಾಮಾಯಿ ಇಪ್ದ್" ಎಂದು ಬಂದಿಳಿದ. ಅಕ್ಕ ಹೊಸ ಮನೆಗೆ ಎರಡು ಕುರ್ಚಿ ಬೇಕೆಂದಳು. ಜೋಡಿ ಕುರ್ಚಿಯನ್ನೇ ಹುಡುಕಿ ಕೊಟ್ಟೆ.

ಸಾಮಾನು ಜೋಡಿಸಲು ಹೋದ ನಾನು ಮೊದಲ ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆಯೇ ಗಡಗಡ ಸದ್ದು. ನೋಡಿದರೆ ಭಾವ ಅಂಗಳದ ಬಾವಿಯಿಂದ ನೀರು ಸೇದಿ ಕೊಡ, ಬಾಲ್ದಿ, ಹಂಡೆ, ಕೊನೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿಟ್ಟಿದ್ದ!

"ಎಂತ ಭಾವ ಇದ್?"

"ಆಮೇಲೆ ನೀರ್ ನಿಂತ್ರೆ?"

"ನಲ್ಲಿ ಅಲ್ಲ ಭಾವ, ಬಾವಿ!"

ಅವನು ಬಾವಿಯೊಳಗೆ ಬಗ್ಗಿ ನೋಡಿ ತಲೆಯಾಡಿಸಿದ. "ಇವತ್ತ್ ಇತ್ತ್. ನಾಳೆದ್ದ್ ಯಾರ್ ಕಂಡಿರ್?"

ಬಸ್ಸಿನ ಕತೆಯೂ ಇದೇ. ಒಮ್ಮೆ ಅವನನ್ನು ಕುಂದಾಪುರಕ್ಕೆ ಕರೆದುಕೊಂಡು ಹೊರಟೆ. ತ್ರಾಸಿ ದಾಟುವ ಮೊದಲೇ ಎದ್ದು ಹೋಗಿ ಮುಂಬೈಯ ಲೋಕಲ್ ರೈಲಿನಲ್ಲಿ ನಿಂತಂತೆ ಬಾಗಿಲ ಹತ್ತಿರ ಸರಳು ಹಿಡಿದು ನಿಂತ. ಬಸ್ಸಿನಲ್ಲಿದ್ದದ್ದೇ ಏಳು ಜನ!

"ಹ್ವಾಯ್, ಎಲ್ಲಿ ಇಳೂದ್?" ಕಂಡಕ್ಟರ್ ಕೇಳಿದ.

"ಕುಂದಾಪ್ರ."

"ಕುಂದಾಪ್ರ ಬಪ್ಪುಕೆ ಇನ್ನೂ ಸುಮಾರ್ ಹೊತ್ತಿತ್ತ್. ಕೂಕಣಿ ಮಾರಾಯ್ರೆ!"

"ಕೂತ್ರೆ ಇಳೂಕ್ ಬಿಡುದ್ ಯಾರ್?"

ಮನೆಯಲ್ಲಿ ಇದ್ದದ್ದು ಅವನೂ ಅಕ್ಕನೂ ಮಾತ್ರ. ಆದರೂ ಸ್ನಾನಕ್ಕೆ ಹೋಗುವಾಗ ಬಚ್ಚಲ ಬಾಗಿಲು ಬಡಿದು, "ಒಳ್ಗ್ ಯಾರಾರೂ ಇದ್ದಿರಾ?" ಎಂದು ಕೇಳುತ್ತಿದ್ದ. ಬಟ್ಟೆಗಳಂತೂ ಮುಂಬೈಯಿಂದ ತಂದ ಪೆಟ್ಟಿಗೆಯಲ್ಲೇ ಇದ್ದವು. ದಿನವೂ ಒಂದು ಅಂಗಿ ತೆಗೆಯುವುದು, ಮತ್ತೆ ಮಡಿಸಿ ಅಲ್ಲೇ ಇಡುವುದು. ಅಕ್ಕ ಅದನ್ನು ನೋಡುತ್ತಿದ್ದಳು. ನನ್ನ ಹತ್ತಿರ ಮಾತ್ರ ಒಮ್ಮೆ ಮೆಲ್ಲಗೆ, "ತಮ್ಮ, ಇವ್ರ್ ನಿಲ್ತ್ರಾ?" ಎಂದಿದ್ದಳು.

ಅದಕ್ಕೇ ಒಂದು ಹಳೆ ಕಪಾಟನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಅಕ್ಕ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು.

"ಭಾವ ಎಲ್ಲಿ?"

"ಸ್ಟೇಷನ್ನಿಗ್ ಹೋಯ್ದ್ರ್."

"ಎಂತಕೆ?"

"ಇವತ್ತಿಗ್ ಇಪ್ಪತ್ತ್ ದಿನ ಆಯ್ತಲ್ದಾ..." ಅವಳ ದನಿ ಸಣ್ಣಗಾಯಿತು.

ಕಪಾಟನ್ನು ಅಂಗಳದಲ್ಲೇ ಬಿಟ್ಟು ಓಡಿದೆ! ಸ್ಟೇಷನ್ನಿನ ಬೆಂಚಿನ ಮೇಲೆ ಭಾವ ಇಸ್ತ್ರಿ ಅಂಗಿ ಹಾಕಿ ಕೂತಿದ್ದ. ಕಾಲ ಬಳಿ ಪೆಟ್ಟಿಗೆ, ತೊಡೆಯ ಮೇಲೆ ಹಲಸಿನ ಹಪ್ಪಳದ ಕಟ್ಟು.

"ಎಲ್ಲಿಗ್ ಹೋಪ್ದ್ ಭಾವ?"

"ಬೊಂಬಾಯಿಗೆ."

"ಅಲ್ಲಿ ಎಂತ ಇತ್ತ್? ಕೆಲ್ಸ ಬಿಟ್ರಿ, ರೂಮೂ ಬಿಟ್ರಿ."

ಅವನು ಹಳಿಯ ಕಡೆ ನೋಡುತ್ತ ಕೂತ. "ನಾನೂ ಅದನ್ನೇ ಆಲೋಚ್ನಿ ಮಾಡ್ತಾ ಇದ್ದೆ ಮಾರಾಯ. ಪೆಟ್ಗಿ ಮುಚ್ಚಿದೆ. ಅವ್ಳ್ ಹಪ್ಳ ಕಟ್ಟಿ ಕೊಟ್ಳ್. ಕಟ್ಟಿ ಕೊಟ್ಳಲ್ದಾ ಅಂದೇಳಿ ಹೊರ್ಟೆ."

ಅವನನ್ನು ಎಬ್ಬಿಸಿ ಮನೆಗೆ ಕರೆತಂದೆ. ಅಕ್ಕನ ಮೇಲೆ ರೇಗಿದೆ. "ನೀನಾರೂ ತಡಿಯೂಕ್ ಆತಿರ್ಲಿಲ್ಯಾ? ಅವ್ರಿಗ್ ಹಪ್ಳ ಕಟ್ಟಿ ಕೊಡೂದಾ?"

ಅಕ್ಕ ಸೆರಗಿನ ತುದಿ ತಿರುಚಿದಳು. "ಅವ್ರ್ ಪೆಟ್ಗಿ ಮುಚ್ಚಿದ್ ಕಂಡೆ, ಕೈ ತನ್ನಷ್ಟಕ್ಕೇ ಹಪ್ಳದ್ ಡಬ್ಬಿಗ್ ಹೋಯ್ತ್. ಮೂವತ್ತ್ ವರ್ಷ ಕಳ್ಸೂದೊಂದೇ ಗೊತ್ತಿಪ್ದ್ ನಂಗೆ. ಇಲ್ಲೇ ನಿಲ್ಲೂಕ್ ಹೇಳೂದ್ ಹ್ಯಾಂಗ್ ಅಂದೇ ಗೊತ್ತಿಲ್ಲೆ ತಮ್ಮ."

ಭಾವ ಕುರ್ಚಿಯಲ್ಲಿ ಕೂತು ಹಪ್ಪಳದ ಕಟ್ಟಿನ ದಾರ ಬಿಚ್ಚಿದ. ಒಂದು ಹಸಿ ಹಪ್ಪಳ ಮುರಿದು, ಅರ್ಧ ಬಾಯಿಗೆ ಹಾಕಿ ಉಳಿದ ಅರ್ಧವನ್ನು ಅಕ್ಕನ ಕಡೆ ಚಾಚಿದ. "ಉಪ್ಪ್ ಸಮಾ ಇತ್ತ್ ಕಾಣ್" ಎಂದ. ಮುಂಬೈಯಲ್ಲಿ ಅಷ್ಟು ವರ್ಷ ತಿಂದ ಹಪ್ಪಳದ ಬಗ್ಗೆ ಅವಳಿಗೆ ಸಿಕ್ಕಿದ ಮೊದಲ ವರದಿ ಅದು! ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತಳು.

ನಾನು ಕಪಾಟನ್ನು ಒಳಗೆ ತಂದು, ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಅದಕ್ಕೆ ಸುರಿದು, "ಈ ಪೆಟ್ಗಿ ನಂಗ್ ಮಾರಿ ಭಾವ, ಎಷ್ಟ್?" ಎಂದೆ. ಬೀಗ ಕೆಟ್ಟ ಪೆಟ್ಟಿಗೆಗೆ ಅವನು ಮುನ್ನೂರು ಹೇಳಿದ. ನನ್ನ ಜೀವಮಾನದಲ್ಲೇ ಮೊದಲ ಬಾರಿ, ಕೇಳಿದಷ್ಟನ್ನೂ ಎಣಿಸಿ ಕೊಟ್ಟೆ.

ಆದ್ದರಿಂದ, ಆರಾಮಕ್ಕೆಂದು ಊರು ಬದಲಿಸುವವರೇ, ಮನೆಗೆ ಚೌಕಾಸಿ ಮಾಡಿ, ಲಾರಿ ಬಾಡಿಗೆಗೂ ಮಾಡಿ. ಆದರೆ ಹೋದ ದಿನವೇ ಪೆಟ್ಟಿಗೆಯನ್ನು ಖಾಲಿ ಮಾಡಿ ಯಾರಿಗಾದರೂ ಕೊಟ್ಟುಬಿಡಿ. ಗಿರಾಕಿ ಸಿಗದಿದ್ದರೆ ಕುಂದಾಪುರಕ್ಕೆ ತನ್ನಿ, ನಾನು ಕೊಳ್ಳುತ್ತೇನೆ. ಭಾವನಿಗೆ ಕೊಟ್ಟ ರೇಟು ಮಾತ್ರ ಕೇಳಬೇಡಿ.