ಇರುವೆ ಹೊಲಕ್ಕೆ ನನ್ನ ಕಾವಲು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಅದು ಸುಳ್ಳು. ಸಿಟ್ಟು ಬರಬೇಕಾದರೆ ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ? ನನ್ನದು ಮನೆಯಲ್ಲೇ ಇರುತ್ತದೆ. ದೇವರ ಹಿಪ್ಪರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಸಿಟ್ಟು ಮಾಡಿಕೊಳ್ಳಲು ಕಾರಣಗಳ ಬರವಿಲ್ಲ. ಒಡೆದ ಪರೀಕ್ಷಾ ನಳಿಕೆ, ಸಿಂದಗಿ ಬಸ್ಸು, ಹೆಡ್ ಮಾಸ್ತರರ ಭಾಷಣ, ಇವೆಲ್ಲ ದಿನನಿತ್ಯದವು. ಆದರೆ ಇತ್ತೀಚೆಗೆ ಇವುಗಳನ್ನೆಲ್ಲ ಹಿಂದೆ ಹಾಕಿದವರು ಸಂಶೋಧನೆ ಮಾಡುವ ಹುಡುಗ ಹುಡುಗಿಯರು. ನಮ್ಮ ಕಾಲದಲ್ಲಿ ವಿಜ್ಞಾನ ಪುಸ್ತಕದಲ್ಲಿತ್ತು, ನಿಸರ್ಗ ಹೊಲದಲ್ಲಿತ್ತು. ಒಂದನ್ನೊಂದು ಮಾತಾಡಿಸುತ್ತಿರಲಿಲ್ಲ, ಎರಡೂ ಸುಖವಾಗಿದ್ದವು. ಈಗಿನವರು ಎರಡನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಜೊತೆಗೆ ತಮ್ಮ ಬಾಲ್ಯವನ್ನೂ, ಅಜ್ಜಿಯನ್ನೂ ಕರೆದು ತರುತ್ತಾರೆ.

ನನ್ನ ಅಕ್ಕನ ಮಗಳು ಸುಮಂಗಲಾ ಇಂಥವರಲ್ಲಿ ಒಬ್ಬಳು. ಧಾರವಾಡದಲ್ಲಿದ್ದುಕೊಂಡು ಇರುವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಹೊಲದಲ್ಲಿ ಇರುವೆ ಏನು ಹೊರುತ್ತದೆ, ಯಾವ ಹಾದಿಯಲ್ಲಿ ಹೊರುತ್ತದೆ ಎಂಬುದು ಅವಳ ವಿಷಯ. ಹುಡುಗಿ ಇಷ್ಟು ಓದಿದ್ದು ಇರುವೆಯ ಬೆನ್ನು ಹತ್ತಲಿಕ್ಕೇನು ಎಂದು ಅವಳ ಅಪ್ಪನಿಗೂ ಸಿಟ್ಟು. ತಾಳಿಕೋಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಭಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಇದೊಂದ ಹಿಂಗಾರಿ ನೋಡ್ತೇನಿ. ಕೆಲಸ ಮುಗೀತು, ಚಲೋ ಆತು. ಮುಗೀಲಿಲ್ಲಂದ್ರ ಮುಂದಿನ ಹಿಂಗಾರಿಗೆ ಅಕ್ಕಿಕಾಳು ಹಾಕೂದ. ಇರವಿ ಗಂಡನ ಮನ್ಯಾಗೂ ಇರ್ತಾವ."

ಆ ಒಂದೇ ಹಿಂಗಾರಿಗೆ ಅವಳು ಆರಿಸಿಕೊಂಡದ್ದು ನಮ್ಮ ಜೋಳದ ಹೊಲವನ್ನು. ಒಂದು ಮೂಲೆಗೆ ಸುತ್ತ ಹಗ್ಗ ಕಟ್ಟಿದಳು. "ಮಾಮಾ, ಇದರಾಗ ಹುಳದ ಎಣ್ಣಿ ಹೊಡಿಸಬ್ಯಾಡ್ರಿ. ದನಾ ಬಿಡಬ್ಯಾಡ್ರಿ. ಯಾರೂ ಕಾಲ ಇಡಬಾರದ್ರಿ. ನಾ ಹದಿನೈದು ದಿನಕ್ಕೊಮ್ಮೆ ಬಂದು ನೋಡ್ತೇನಿ. ನಿಮ್ಮನ್ನ ನಂಬೇನಿ" ಎಂದಳು. ನಂಬೇನಿ ಎಂದು ನನಗೆ ಹೇಳುವವರು ಕಡಿಮೆ. ಹೆಂಡತಿಯಂತೂ ಹಾಲು ತರಲು ಕಳಿಸುವಾಗಲೂ ಹೇಳಿದವಳಲ್ಲ. ಹಾಗಾಗಿ ಕಾವಲನ್ನು ವ್ರತದ ಹಾಗೆ ಹಿಡಿದೆ. ದಿನಾ ಶಾಲೆ ಬಿಟ್ಟ ಮೇಲೆ ಸೈಕಲ್ ಹತ್ತಿ ಹೊಲಕ್ಕೆ ಹೋಗುವುದು, ಹಗ್ಗ ದಾಟಿ ಒಳಗೆ ಒಂದು ಸುತ್ತು ಹಾಕುವುದು, ಯಾರಾದರೂ ಕಾಲಿಟ್ಟಿದ್ದಾರೆಯೇ ಎಂದು ಬಗ್ಗಿ ಬಗ್ಗಿ ನೋಡುವುದು.

ಕಾಲಿಟ್ಟಿದ್ದರು. ಹಗ್ಗದ ಒಳಗೆ ಹೆಜ್ಜೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನಮ್ಮ ಎರಿಯ ಕಪ್ಪು ಮಣ್ಣು ಮಂಜಿಗೆ ಮೆತ್ತಗಾದರೆ ಹೆಜ್ಜೆಯನ್ನು ಅಗಲ ಮಾಡಿ ತೋರಿಸುತ್ತದೆ. ಅಷ್ಟು ಅಗಲದ ಪಾದ ಪಕ್ಕದ ಹೊಲದ ಯಮನಪ್ಪನಿಗೆ ಬಿಟ್ಟರೆ ಇನ್ನಾರಿಗೂ ಇಲ್ಲ ಎಂದು ನಾನು ತೀರ್ಮಾನಿಸಿದೆ. ಬದುವಿನ ಮೇಲೆ ನಿಂತು ಬಾಯಿಗೆ ಬಂದಂತೆ ಬೈದೆ. ಯಮನಪ್ಪ ಬೀಡಿ ಆರಿಸಿ, "ಮಾಸ್ತರ, ನನಗ ನನ್ನ ಹೊಲದಾಗ ಅಡ್ಡಾಡಾಕ ಹೊತ್ತ ಸಾಲವಲ್ದು. ನಿಮ್ಮ ಹೊಲದಾಗ ನಂದೇನೈತಿ" ಎಂದ. ಕಳ್ಳನ ಮಾತು ಯಾವಾಗಲೂ ಹೀಗೇ ಶಾಂತವಾಗಿರುತ್ತದೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಅಂದಿನಿಂದ ಒಳಗಿನ ಸುತ್ತನ್ನು ಎರಡು ಮಾಡಿದೆ.

ಇಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆಯಲ್ಲಿ ಉಣ್ಣುವವರಿಲ್ಲ. ಬೆಳೆ ಹಾಲ್ದುಂಬಿ ನಿಂತಿರುತ್ತದೆ; ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಬುಟ್ಟಿಗಟ್ಟಲೆ ಅಡುಗೆ ಮಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಊಟಕ್ಕೆ ಮೊದಲು ಸಜ್ಜಿ ಕಡಬು, ಭಜ್ಜಿ ಪಲ್ಯ, ಅನ್ನ ಎಲ್ಲವನ್ನೂ ಕಲಸಿ, ಹುಲ್ಲುಲ್ಲಿಗೋ ಎಂದು ಕೂಗುತ್ತ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಚರಗ ಚೆಲ್ಲುವವಳು ನಮ್ಮವ್ವ. ಅವಳು ಬುಟ್ಟಿ ಹಿಡಿದು ಮೂಲೆಯ ಕಡೆ ಬರುತ್ತಿದ್ದಂತೆ ನಾನು ಓಡಿಹೋಗಿ ಹಗ್ಗದ ಮುಂದೆ ಎರಡೂ ಕೈ ಚಾಚಿ ನಿಂತೆ.

"ಅವ್ವಾ, ಇಲ್ಲಿ ಒಂದು ಅಗಳೂ ಬೀಳಬಾರದು. ಸುಮಂಗಲಾಂದು ವರ್ಷದ ಕೆಲಸ ಐತಿ" ಎಂದೆ.

ಅವ್ವ ನಿಂತಳು. ಹಗ್ಗ ನೋಡಿದಳು, ಒಳಗಿನ ಜೋಳ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಇದೊಂದ ತುಂಡು ಮಾಡಿದ್ದ ತಪ್ಪರ ಏನೋ? ಊರ ಹೊಲಾ ಎಲ್ಲಾ ಉಣ್ಣಾಗ ಇದೊಂದ ಉಪಾಸ ಇರಬೇಕನು?" ಎಂದವಳೇ ಕೈ ಬೀಸಿದಳು. ಅರ್ಧ ನನ್ನ ತಲೆಯ ಮೇಲಿಂದ ಹಾರಿ ಒಳಗೆ ಬಿತ್ತು, ಉಳಿದರ್ಧ ನನ್ನ ತಲೆಯ ಮೇಲೆಯೇ ನಿಂತಿತು. ಹೊಲಕ್ಕೆ ಬಂದಿದ್ದವರೆಲ್ಲ ನಕ್ಕರು. ನಾನು ಭಜ್ಜಿ ಪಲ್ಯ ಒರೆಸಿಕೊಳ್ಳುತ್ತ ಹಗ್ಗ ದಾಟಿ, ಬಿದ್ದ ಕಡಬುಗಳನ್ನು ಹುಡುಕಿ ಹುಡುಕಿ ಆರಿಸತೊಡಗಿದೆ. ನಾನು ಒಂದು ಕಡಬು ಎತ್ತುವುದರೊಳಗೆ ಇರುವೆಗಳು ಇನ್ನೊಂದನ್ನು ಮುತ್ತಿದ್ದವು. ಇಡೀ ಹೊಲದಲ್ಲಿ ಆ ದಿನ ಖುಷಿಯಾಗಿ ಉಣ್ಣದವನು ನಾನೊಬ್ಬನೇ.

ಊರಿಗೆ ಬಂದವನೇ ಎಸ್‌ಟಿಡಿ ಬೂತಿನಿಂದ ಧಾರವಾಡಕ್ಕೆ ಫೋನು ಹಚ್ಚಿ ವಿಷಯ ಹೇಳಿದೆ. ಸುಮಂಗಲಾ ಈಗ ಅಳುತ್ತಾಳೆಂದುಕೊಂಡೆ. "ಕಡಬು ಎಲ್ಲೆಲ್ಲಿ ಬಿದ್ವು ಮಾಮಾ?" ಎಂದು ಕೇಳಿದಳು. ಎಲ್ಲಾ ಆರಿಸಿಬಿಟ್ಟೇನಿ, ನೀ ಕಾಳಜಿ ಮಾಡಬೇಡ ಎಂದೆ. "ಅಯ್ಯ, ಯಾಕ ಆರಿಸಿದ್ರಿ?" ಎಂದಳು. ಹೇಳಿ, ಇಂಥವರಿಗೆ ಉಪಕಾರ ಮಾಡುವುದು ಹೇಗೆ? ಮರುದಿನವೇ ಬಂದು, ಹೊಲದಲ್ಲಿ ಕೂತು, ನಮ್ಮವ್ವನನ್ನು, ಅಂದರೆ ತನ್ನ ಆಯಿಯನ್ನು, ಬಯ್ಯುವುದು ಬಿಟ್ಟು ಅವಳ ಹತ್ತಿರ ಚರಗದ ಕಥೆ ಕೇಳಿಕೊಂಡಳು. ಅಜ್ಜಿ ಮೊಮ್ಮಗಳಿಬ್ಬರೂ ಇರುವೆಯ ಹಾದಿ ನೋಡುತ್ತ ಕೂತಿದ್ದು ಕಂಡು ಮೈಯೆಲ್ಲ ಉರಿಯಿತು.

ಸುಗ್ಗಿಯಾದ ಮೇಲೆ ಧಾರವಾಡದಲ್ಲಿ ಅವಳು ತನ್ನ ಕೆಲಸವನ್ನು ಹಿರಿಯರ ಮುಂದೆ ಮಂಡಿಸುವ ದಿನ ಬಂತು. ಭಾವ ಅಂಗಡಿ ಬಿಟ್ಟು ಬರಲಿಲ್ಲ. ಫಲಿತಾಂಶ ತಿಳಿಸು ಎಂದು ನನ್ನನ್ನೇ ಕಳಿಸಿದ. ಹಿಂದಿನ ಬೆಂಚಿನಲ್ಲಿ ಕೂತೆ. ಸುಮಂಗಲಾ ಶುರು ಮಾಡಿದ್ದೇ ಅಜ್ಜಿಯಿಂದ. ಸಣ್ಣವಳಿದ್ದಾಗ ಆಯಿಯ ಹಿಂದೆ ನೀರಿನ ತಂಬಿಗೆ ಹಿಡಿದು ಚರಗಕ್ಕೆ ನೀರು ಚಿಮುಕಿಸುತ್ತಿದ್ದಳಂತೆ. ಇರುವೆ ಸಾಲನ್ನು ಮೊದಲು ನೋಡಿದ್ದು ಆಗಂತೆ. ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ಕನ್ನಡಕ ತೆಗೆದರು. "ಇದು ಸಂಶೋಧನೆಯೋ, ಆತ್ಮಕಥೆಯೋ? ಅನ್ನ ಚೆಲ್ಲಿದ ಜಾಗದ ಲೆಕ್ಕ ಹಿಡಿಯೋಕಾಗಲ್ಲ. ನಿಮ್ಮ ಅಜ್ಜಿ ನಿಮ್ಮ ವರ್ಷ ಹಾಳು ಮಾಡಿದ್ದಾರೆ. ಮುಂದಿನ ವರ್ಷ ಇನ್ನೊಮ್ಮೆ ಮಾಡಿ" ಎಂದರು. ಮುಂದಿನ ವರ್ಷ ಎಂದರೆ ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ. ಅವ್ವನ ಮೇಲೆ ಬಂದ ಸಿಟ್ಟು, ಈ ಮನುಷ್ಯ ಅವ್ವನನ್ನು ಅಂದದ್ದೇ ತಡ, ಅವನ ಕಡೆಗೇ ತಿರುಗಿತು.

ಸುಮಂಗಲಾ ಧ್ವನಿ ಏರಿಸಲಿಲ್ಲ. "ಹಾಳಾಗಿಲ್ರಿ ಸರ್. ನಮ್ಮ ಹೊಲದಾಗ ಇರವಿ ಇದ್ದಂಗ ಚರಗಾನೂ ಮೊದಲಿಂದ ಐತ್ರಿ. ಚರಗಾ ಇಲ್ಲದ ಹೊಲಾ ನಾ ಹಗ್ಗಾ ಕಟ್ಟಿ ಮಾಡಿದ್ದು. ಚರಗಾ ಬಿದ್ದ ಮ್ಯಾಲೆ ಇರವಿ ನಾಕು ದಿನಾ ಅತ್ತಾಗ ಹೋದ್ವು, ತಿಂದ್ವು, ಮತ್ತ ತಮ್ಮ ಹಾದಿಗೆ ತಾವು ಬಂದ್ವು. ಅದನ್ನೂ ತೋರ್ಸೇನ್ರಿ. ಖರೇ ಅಡಚಣಿ ಬ್ಯಾರೆ ಐತ್ರಿ. ಒಬ್ಬ ಮನಷ್ಯಾ ದಿನಾ ಸಂಜಿಮುಂದ ಹಗ್ಗದ ಒಳಗ ಅಡ್ಡಾಡ್ಯಾನ್ರಿ. ಅವ ತುಳದ ಹಾದಿ ಕಡೆ ಇರವಿ ಸುಗ್ಗಿತನಾ ತಿರುಗಿ ಬರಲಿಲ್ರಿ. ಆ ಪಟ್ಟಿ ಅಷ್ಟ ಲೆಕ್ಕದಿಂದ ಬಿಟ್ಟೇನಿ."

ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತೆ. "ನಾ ಅವತ್ತ ಹೇಳಿದ್ನಿಲ್ಲೋ, ಅವಾ ಯಮನಪ್ಪ ಅಂತ. ಮಾರಿ ಮ್ಯಾಲೆ ಹೇಳಿದ್ರೂ ಒಪ್ಪಲಿಲ್ಲ ಮಗಾ. ಬರ್ಕೋರಿ ಸರ್ ಅವನ ಹೆಸರು" ಎಂದು ಬೆಂಚು ಗುದ್ದಿದೆ.

ತಜ್ಞರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇವರು ಯಾರು?" ಎಂದು ಸುಮಂಗಲಾಳನ್ನು ಕೇಳಿದರು.

ಅವಳು ತಲೆ ತಗ್ಗಿಸಿದಳು. "ಅವರ ರೀ ಸರ್, ಆ ಮನಷ್ಯಾ" ಎಂದಳು.

ಮೊದಲು ನಕ್ಕವರು ಆ ತಜ್ಞರೇ. ನಕ್ಕು ಕಣ್ಣೊರೆಸಿಕೊಂಡು, ಅಜ್ಜಿಯೂ ಇರಲಿ, ಇವರೂ ಇರಲಿ, ಮುಂದಿನ ವರ್ಷ ಬೇಡ, ಬರೆದು ಮುಗಿಸಿ ಎಂದರು. ಭಾವನಿಗೆ ಫೋನು ಮಾಡಿ ಹೇಳಬೇಕಾದ ಸುದ್ದಿ ಅಷ್ಟೇ. ನಾನು ನನ್ನ ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕೂತೆ. ಯಮನಪ್ಪನ ಮೇಲೆ ಇಡೀ ಹಿಂಗಾರಿ ಕೂಡಿಟ್ಟಿದ್ದ ಸಿಟ್ಟು ಒಂದಿಷ್ಟೂ ಕರಗದೆ ಹಾಗೇ ಇತ್ತು, ಅದನ್ನು ಹೊರಲು ಯಮನಪ್ಪ ಮಾತ್ರ ಇರಲಿಲ್ಲ.