ಎರಡನೇ ಗುಂಪಿನ ಎಡಗಾಲಿನ ಪರವಾಗಿ

ಮಧುಮೇಹ ಅಧ್ಯಯನದಲ್ಲಿ ಹೋಲಿಕೆಯ ಗುಂಪಿಗೆ ಪಾಠಗಳನ್ನು ರೂಪಿಸಿದ ಮಾನ್ಯರೇ,

ತಮ್ಮ ಅಮೃತಹಸ್ತದಿಂದ ತಯಾರಾದ ಹನ್ನೆರಡು ತರಗತಿಗಳಲ್ಲಿ ಒಂದನ್ನೂ ತಪ್ಪಿಸದ ದರ್ಜಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು. ನನಗೂ ಹೆಂಡತಿಗೂ ಸಕ್ಕರೆ ಕಾಯಿಲೆ. ಇಬ್ಬರೂ ಒಂದೇ ದಿನ ಹೆಸರು ಕೊಟ್ಟೆವು. ಚೀಟಿ ಎತ್ತಿದಾಗ ಅವಳು ಮೊದಲ ಗುಂಪಿಗೆ, ನಾನು ಬರೀ ಹೋಲಿಸಿ ನೋಡಲೆಂದು ಇಟ್ಟ ಎರಡನೆಯದಕ್ಕೆ ಬಿದ್ದೆವು. ಒಂದೇ ಮನೆಯವರನ್ನು ಎರಡು ಕಡೆ ಹಾಕಬಾರದೆಂದು ತಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯದಿದ್ದುದು ನಮ್ಮ ಪೂರ್ವಜನ್ಮದ ಪುಣ್ಯ.

ಅವಳಿಗೆ ಊಟ, ನಡಿಗೆ, ಪಾದದ ಆರೈಕೆ ಕಲಿಸಿದರು. ನಮಗೂ ಅಷ್ಟೇ ಹೊತ್ತು, ಅಷ್ಟೇ ಗಮನ ಸಿಗಬೇಕು, ಆದರೆ ಸಕ್ಕರೆ ಇಳಿಸುವಂಥದ್ದೇನೂ ಸಿಗಬಾರದು ಎಂಬ ತಮ್ಮ ನಿಷ್ಠೆಯ ಫಲವಾಗಿ ನಾವು ಬೆಂಕಿ ಆರಿಸುವುದನ್ನು, ಹಳೆಯ ಫೋಟೊ ಜೋಪಾನ ಮಾಡುವುದನ್ನು, ಕುಂಡದ ಗಿಡಕ್ಕೆ ನೀರು ಹಾಕುವುದನ್ನು ಕಲಿತೆವು. ನಡುವೆ ಸಿಹಿ ಚಹಾ, ಬಿಸ್ಕತ್ತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚುವವರನ್ನು ಬೇಕಾದಷ್ಟು ಕಂಡಿದ್ದೇನೆ. ಎರಡನ್ನೂ ಒಂದೇ ಅಳತೆಯ ಚಮಚದಲ್ಲಿ ಹಚ್ಚುವ ನ್ಯಾಯವಂತರನ್ನು ಕಂಡದ್ದು ಈಗಲೇ.

ಆದರೂ ನನ್ನಿಂದ ಒಂದು ಅಪರಾಧ ನಡೆಯಿತು. ಹೆಂಡತಿ ಸಿಹಿ ನಿಲ್ಲಿಸಿ ತರಕಾರಿ ಹೆಚ್ಚಿಸಿದಳು, ಒಲೆ ಒಂದೇ ಆದ್ದರಿಂದ ನಾನೂ ಅದನ್ನೇ ಉಂಡೆ, ಬೆಳಗ್ಗೆ ಅವಳ ಹಿಂದೆ ನಡೆಯಲೂ ಹೋದೆ. ಸುದ್ದಿ ಮುಟ್ಟಿದ್ದೇ ತಮ್ಮ ಸಹಾಯಕಿ ಮನೆಗೇ ಬಂದು, "ಅಣ್ಣಾ, ಅಕ್ಕನ ಜೊತೆ ವಾಕಿಂಗ್ ಹೋಗ್ಬೇಡಿ, ನಮ್ ಲೆಕ್ಕ ಎಲ್ಲಾ ಕೆಟ್ಟೋಗುತ್ತೆ" ಎಂದು ಕೈಮುಗಿದರು. ವಿಜ್ಞಾನಕ್ಕೆ ಕಲ್ಲು ಹಾಕುವ ಪಾಪ ನನಗೇಕೆಂದು ಮತ್ತೆ ಮೊದಲಿನಂತೆ ತಿಂದು ಕುಳಿತೆ. ಮುಂದಿನ ಅಧ್ಯಯನದಲ್ಲಿ ದಯಮಾಡಿ ಇಂಥವರ ಅಡುಗೆಮನೆಯ ನಡುವೆ ಗೋಡೆ ಎಬ್ಬಿಸಿ, ಗಂಡಹೆಂಡಿರ ಮಾತುಕತೆಗೆ ಒಬ್ಬ ಕಾವಲುಗಾರನನ್ನೂ ನೇಮಿಸಬೇಕಾಗಿ ವಿನಂತಿ.

ಒಂಬತ್ತನೇ ತರಗತಿಯ ಹೊತ್ತಿಗೆ ಎಡಗಾಲಿನ ಹೆಬ್ಬೆರಳಿಗೆ ಸೂಜಿ ಚುಚ್ಚಿದ್ದು ಎರಡು ದಿನ ನನಗೆ ಗೊತ್ತೇ ಆಗಲಿಲ್ಲ. ತರಗತಿಯಲ್ಲಿ ಗಾಯ ತೋರಿಸಿದರೆ ಅದೇ ಸಹಾಯಕಿ, "ಕಾಲಿನ ವಿಷಯ ಆ ಗುಂಪಿಗೆ ಬರುತ್ತೆ ಅಣ್ಣಾ, ಇಲ್ಲಿ ಹೇಳೋ ಹಾಗಿಲ್ಲ" ಎಂದು ಗಿಡದ ಪಾಠ ಮುಂದುವರಿಸಿದರು. ಹೆಂಡತಿಗೆ ತೋರಿಸೋಣವೆಂದರೆ ಅವಳು ಮೊದಲ ಗುಂಪು. ತಮ್ಮ ಲೆಕ್ಕ ಉಳಿಸಲು ಮೂರು ವಾರ ಕಾಲುಚೀಲ ಹಾಕಿ ಮುಚ್ಚಿಟ್ಟೆ. ಗೊತ್ತಾದ ದಿನ ಅವಳು ಬೈಯಲೂ ಇಲ್ಲ, ನನ್ನ ಕಾಲು ಹಿಡಿದುಕೊಂಡು ಅತ್ತಳು. ನನ್ನ ದಡ್ಡತನಕ್ಕೆ ನಾಚಿಕೆಯಾಗುತ್ತದೆ, ತಮ್ಮ ಜಾಣತನಕ್ಕೆ ಮೈ ಉರಿಯುತ್ತದೆ.

ಲೆಕ್ಕ ಕೆಡಿಸದ,
ತಮ್ಮ ವಿಶ್ವಾಸಿ,
ಎರಡನೇ ಗುಂಪಿನ ದರ್ಜಿ

ವಿ.ಸೂ.: ಮಂಗಳವಾರ ಆ ಹೆಬ್ಬೆರಳನ್ನು ಕತ್ತರಿಸಿ ತೆಗೆದರು. ಬುಧವಾರ ತಮ್ಮ ಕಚೇರಿಯವರು ಫೋನ್ ಮಾಡಿ ನನ್ನ ಕೊನೆಯ ತೂಕ ಕೇಳಿದರು. ತುಸು ಇಳಿದಿದೆ, ಹೋಲಿಕೆಯ ಗುಂಪಿನಲ್ಲೂ ಸುಧಾರಣೆ ಕಂಡುಬಂದಿದೆ ಎಂದು ಬರೆದುಕೊಳ್ಳಿ.